ಸೋಮವಾರ ಬನ್ನಿ

ಜುಲೈ 2, ಸೋಮವಾರ

ಹಾಸ್ಟೆಲಿನಲ್ಲಿದ್ದಾಗ ನಗಲಿಕ್ಕೆಂದು ದಿನಚರಿ ಬರೆಯುತ್ತಿದ್ದೆ. ಈಗ ಬರೆಯದಿದ್ದರೆ ಯಾರಿಗಾದರೂ ಹೊಡೆದುಬಿಡುತ್ತೇನೆ, ಅದಕ್ಕೇ ಮತ್ತೆ ಶುರು.

ಕಾಲೇಜಿಗೆ ಹೋಗಿದ್ದೆ. ಕೆಲಸ ಇಷ್ಟೇ. ಫಾರ್ಮಸಿ ಓದನ್ನು ಒಂದೇ ವರ್ಷಕ್ಕೆ ಬಿಟ್ಟಿದ್ದೇನೆ, ಸೇರುವಾಗ ಇಸಿದುಕೊಂಡ ನನ್ನ ಮೂಲ ಅಂಕಪಟ್ಟಿಗಳನ್ನು ವಾಪಸು ಕೊಡಿ. ಓದಿದವಳು ನಾನು, ಜ್ವರದಲ್ಲಿ ಹೋಗಿ ಪರೀಕ್ಷೆ ಬರೆದವಳು ನಾನು, ಅಂಕಪಟ್ಟಿ ಇರುವುದು ಮಾತ್ರ ಅವರ ಆಫೀಸಿನ ಒಳಕೋಣೆಯ ಕಬ್ಬಿಣದ ಬೀರುವಿನಲ್ಲಿ.

ಬಿಟ್ಟದ್ದು ಹುಡುಗಾಟಕ್ಕಲ್ಲ. ಅಪ್ಪ ಎಲೆಕ್ಟ್ರಿಷಿಯನ್. ಏಪ್ರಿಲ್‌ನಲ್ಲಿ ಯಾರದೋ ಮನೆಗೆ ವೈರು ಎಳೆಯುವಾಗ ಏಣಿ ಜಾರಿತು. ಈಗ ಕುತ್ತಿಗೆಯಿಂದ ಕೆಳಗಿನ ಮೈ ಅವನ ಮಾತು ಕೇಳುವುದಿಲ್ಲ. ತುತ್ತು ಬಾಯಿಗಿಡಬೇಕು, ಮಗ್ಗುಲು ನಾವು ಬದಲಾಯಿಸಬೇಕು. ಅಮ್ಮನಿಗೆ ಹೊಲಿಗೆ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿ. ಹಾಸ್ಟೆಲಿನಲ್ಲಿ ಕೂತು ಗುಳಿಗೆಗಳ ಹೆಸರು ಉರುಹೊಡೆಯುತ್ತಿದ್ದರೆ ಇವನನ್ನು ಯಾರು ನೋಡಬೇಕು? ಬಿಟ್ಟು ಬಂದೆ.

ಅದೃಷ್ಟಕ್ಕೆ ನಮ್ಮ ಬೀದಿಯ ಆಚೆಯ ಆಸ್ಪತ್ರೆಯಲ್ಲಿ ಲ್ಯಾಬ್ ತರಬೇತಿಗೆ ಆಯ್ಕೆಯಾಗಿದ್ದೇನೆ. ಬೆಳಿಗ್ಗೆ ಮಾತ್ರ ಇರುವುದು, ಮುಗಿದ ಮೇಲೆ ಅಲ್ಲೇ ಕೆಲಸ. ನನ್ನ ಜತೆ ಗುಬ್ಬಿಗೂ ಸಿಕ್ಕಿದೆ. ಗುಬ್ಬಿ ಎಂದರೆ ನನ್ನ ಹಾಸ್ಟೆಲ್ ಕೋಣೆಯ ಜತೆಗಾತಿ. ಓದಿಸುತ್ತಿದ್ದ ಅಣ್ಣ ಮದುವೆಯಾದ ಕೂಡಲೇ ಕೈಕೊಟ್ಟ, ಪಾಪ ಅವಳೂ ಬಿಟ್ಟಳು. ಮೂವತ್ತೊಂದರ ಒಳಗೆ ಇಬ್ಬರೂ ಮೂಲ ಅಂಕಪಟ್ಟಿ ತೋರಿಸಬೇಕು. ನಕಲು ನಡೆಯುವುದಿಲ್ಲ.

ಕಿಟಕಿಯಲ್ಲಿ ಕೂತ ಗುಮಾಸ್ತನಿಗೆ ಗೋಂದು ಎಂದು ಹೆಸರಿಟ್ಟಿದ್ದೇನೆ. ಕೈಗೆ ಅಂಟಿದ ಕಾಗದ ಬಿಡುವವನೇ ಅಲ್ಲ.

“ಸೆಕ್ರೆಟರಿ ಮೇಡಂ ಮೀಟಿಂಗಲ್ಲಿದ್ದಾರೆ. ಸೋಮವಾರ ಬಾಮ್ಮ,” ಎಂದ.

“ಇವತ್ತೇ ಸೋಮವಾರ ಸರ್.”

“ಮುಂದಿನ ಸೋಮವಾರ,” ಎಂದು ಕಿವಿಯೊಳಗೆ ಪೆನ್ನು ತಿರುಗಿಸಿದ. ಆ ಪೆನ್ನನ್ನು ಹಾಗೇ ಒಳಕ್ಕೆ ತಳ್ಳಿಬಿಡಬೇಕು ಅನ್ನಿಸಿತು.

ಜುಲೈ 5, ಗುರುವಾರ

ಸೋಮವಾರದವರೆಗೆ ಕಾಯುವ ತಾಳ್ಮೆ ನನಗೆಲ್ಲಿ? ಅಮ್ಮನನ್ನೂ ಎಳೆದುಕೊಂಡು ಹೋದೆ. ಅಪ್ಪನನ್ನು ಪಕ್ಕದ ಮನೆಯ ಅಜ್ಜಿ ನೋಡಿಕೊಂಡರು.

ಇವತ್ತು ಸೆಕ್ರೆಟರಿ ಸಿಕ್ಕಳು. ಇಡೀ ಕಾಲೇಜು ನಡೆಯುವುದು ಅವಳ ಮಾತಿನ ಮೇಲೆ, ಪ್ರಿನ್ಸಿಪಾಲ್ ಗೋಡೆಯ ಗಡಿಯಾರವಿದ್ದ ಹಾಗೆ. ತುಂಬ ನಯ. ಕೂರಿಸಿ ಟೀ ಕೊಟ್ಟಳು, ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿದಳು, ಅಪ್ಪನ ವಿಷಯ ಕೇಳಿ “ಅಯ್ಯೋ” ಎಂದಳು. ಆಮೇಲೆ ಅದೇ ದನಿಯಲ್ಲಿ ಹೇಳಿದಳು:

“ನೋಡಮ್ಮ, ನೀನು ಎದ್ದು ಹೋದೆ. ನಿನ್ನ ಸೀಟು ಇನ್ನೂ ಮೂರು ವರ್ಷ ಖಾಲಿ ಬಿದ್ದಿರತ್ತೆ. ಅಲ್ಲಿ ಯಾರನ್ನ ಕೂರಿಸ್ಲಿ? ನಿಮ್ಮಪ್ಪನ್ನ ಕೂರಿಸ್ಲಾ? ಅವರಿಗೆ ಕೂರಕ್ಕೂ ಆಗಲ್ಲ ಅಂತೀಯ. ಮೂರು ವರ್ಷದ ಫೀಸು ಕಟ್ಟಿ, ಕಾಗದ ತಗೊಂಡು ಹೋಗಿ.”

ಬಿಸ್ಕತ್ತು ನನ್ನ ಬಾಯಲ್ಲೇ ಮಣ್ಣಾಯಿತು. ಅಮ್ಮ ಅಳುತ್ತ ಅವಳನ್ನು “ತಾಯಿ” ಎಂದು ಬೇಡಿಕೊಳ್ಳತೊಡಗಿದಳು. ಅಮ್ಮನಿಗಿಂತ ಆ ಹೆಂಗಸು ಹತ್ತು ವರ್ಷ ಚಿಕ್ಕವಳು. ಬಸ್ಸಿನಲ್ಲಿ ಅಮ್ಮನನ್ನು ಬಿಟ್ಟು ಹಿಂದಿನ ಸೀಟಿನಲ್ಲಿ ಕೂತೆ. ಸಿಟ್ಟು ಅವಳ ಮೇಲಲ್ಲ ಎಂದು ಹೇಳಬೇಕಿತ್ತು.

ಜುಲೈ 9, ಸೋಮವಾರ

ನಗಬೇಕೋ ಅಳಬೇಕೋ ತಿಳಿಯದ ದಿನ.

ಗುಬ್ಬಿಯ ಸೋದರಮಾವ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಜವಾನ. ಓದು ಬಿಟ್ಟವರ ಅಂಕಪಟ್ಟಿಯನ್ನು ಹೀಗೆ ಹಿಡಿದಿಟ್ಟುಕೊಳ್ಳಲು ಕಾಲೇಜಿಗೆ ಹಕ್ಕೇ ಇಲ್ಲವಂತೆ. ಕೊಡುವುದಿಲ್ಲ ಎಂದು ಬರೆಸಿಕೊಂಡು ಬಾ, ಮಿಕ್ಕದ್ದು ಕಚೇರಿ ನೋಡಿಕೊಳ್ಳುತ್ತದೆ ಎಂದು ಅವರೇ ಹೇಳಿಕೊಟ್ಟಿದ್ದರು. ನಾನು ಕಿಟಕಿಯಲ್ಲಿ ನಿಂತು, “ಕೊಡಲ್ಲ ಅಂತ ಬರೆದು ಕೊಡಿ, ಹೋಗ್ತೀನಿ,” ಎಂದೆ. ಗೋಂದು ನಕ್ಕ.

“ಕೊಡಲ್ಲ ಅಂತ ಯಾರು ಹೇಳಿದ್ರು? ಬಾ ಅಂತ ತಾನೇ ಹೇಳ್ತಿರೋದು?”

ಆಗ ಬಾಯಿಬಿಟ್ಟೆ ನೋಡಿ. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ನಿಮ್ಮ ಮನೆ ಮಕ್ಕಳದ್ದಾಗಿದ್ದರೆ ಹೀಗೆ ಬೀರುವಿನಲ್ಲಿ ಕೊಳೆಸುತ್ತಿದ್ದಿರಾ ಎಂದೆ, ಇನ್ನೂ ಏನೇನೋ ಅಂದೆ. ಕಾವಲುಗಾರ ತೋಳು ಹಿಡಿಯಲು ಬಂದ. ಅಷ್ಟರಲ್ಲಿ ಸೆಕ್ರೆಟರಿ ಒಳಗೆ ಕರೆಸಿದಳು.

ಬೈಗುಳಕ್ಕೆ ತಯಾರಾಗಿ ಹೋದರೆ ಅವಳು ನನ್ನ ಅರ್ಜಿ ಹಿಡಿದುಕೊಂಡು, “ಅಕ್ಷರ ಮುದ್ದಾಗಿದೆ. ಗಂಟಲೂ ಚೆನ್ನಾಗಿದೆ. ಕಿಟಕಿಯಲ್ಲಿ ಕೂರ್ತಿದ್ದ ಹುಡುಗಿ ಹೆರಿಗೆಗೆ ಹೋಗಿದ್ದಾಳೆ. ಒಂದಷ್ಟು ದಿನ ಬಂದು ಕೂತ್ಕೋ, ಸಂಬಳಾನೂ ಕೊಡ್ತೀನಿ. ನಿನ್ನ ಕಾಗದದ ವಿಷಯ ಆಮೇಲೆ ನೋಡೋಣ,” ಎಂದಳು.

ಒಪ್ಪಿಕೊಂಡುಬಿಟ್ಟೆ. ಸಂಬಳಕ್ಕಲ್ಲ. ಆ ಬೀರು ಕಿಟಕಿಯಿಂದ ನಾಲ್ಕು ಹೆಜ್ಜೆ. ಅಮ್ಮ ಸದ್ಯಕ್ಕೆ ಕಾರ್ಖಾನೆ ಬಿಟ್ಟು ಹೊಲಿಗೆಯನ್ನು ಮನೆಗೇ ತರಿಸಿಕೊಳ್ಳುತ್ತಾಳೆ. ಗುಬ್ಬಿಗೆ ಫೋನು ಮಾಡಿದರೆ ಕಿರುಚಿದಳು: “ಒಳಗೇ ಸೇರ್ಕೊಂಡ್ಯಾ! ಇಬ್ಬರದೂ ಎತ್ಕೊಂಡು ಬಾರೇ!”

ಎತ್ತಿಕೊಂಡು ಬರದೆ ಬಿಡುತ್ತೇನೆಯೇ.

ಜುಲೈ 11, ಬುಧವಾರ

ಗೋಂದು ಇವತ್ತು ಪಾಠ ಮಾಡಿದ. ಬರೆದಿಡುತ್ತೇನೆ, ಮುಂದೊಂದು ದಿನ ಇವನ ಮೇಲೆ ಸಾಕ್ಷಿಗೆ ಬೇಕಾಗುತ್ತದೆ.

“ಈ ಕಿಟಕಿಯಲ್ಲಿ ‘ಇಲ್ಲ’ ಅನ್ನೋ ಮಾತು ಇಲ್ಲ. ಇಲ್ಲ ಅಂದ್ರೆ ಬರೆದು ಕೊಡಿ ಅಂತಾರೆ. ಬರೆದು ಕೊಟ್ರೆ ಕೋರ್ಟು. ‘ಸೋಮವಾರ ಬನ್ನಿ’ ಅಂದ್ರೆ ಯಾರು ಯಾವ ಕೋರ್ಟಿಗೆ ಹೋಗ್ತಾರೆ? ಜನಕ್ಕೆ ಬೇಕಾಗಿರೋದು ಕಾಗದ ಅಲ್ಲಮ್ಮ, ಸಿಗತ್ತೆ ಅನ್ನೋ ಆಸೆ. ಅದನ್ನ ಮಾತ್ರ ಕೊಡ್ತಾ ಇರು. ಅವರಾಗೇ ಸುಸ್ತಾಗ್ತಾರೆ.”

ಎಂಥ ನೀಚ. ಹೇಳುವಾಗ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಜುಲೈ 13, ಶುಕ್ರವಾರ

ಒಬ್ಬ ಅಪ್ಪ ಬಂದಿದ್ದರು. ಮಗನಿಗೆ ಕಣ್ಣಿನ ನರ ಸೊರಗಿ ಓದು ಬಿಡಿಸಿದ್ದಾರೆ. ಬೇರೆ ಕಡೆ ಸಣ್ಣ ಕೆಲಸವೊಂದು ಗೊತ್ತಾಗಿದೆ, ಅಂಕಪಟ್ಟಿ ಬೇಕು. ನಾಲ್ಕು ತಿಂಗಳಿಂದ ಅಲೆಯುತ್ತಿದ್ದಾರಂತೆ. ಗೋಂದು ಬೆನ್ನ ಹಿಂದೆಯೇ ನಿಂತಿದ್ದ. ನಾನು ಹೇಳಿದೆ. “ಮೇಡಂ ಮೀಟಿಂಗಲ್ಲಿದ್ದಾರೆ, ಸೋಮವಾರ ಬನ್ನಿ.”

ಅವರು ನನಗೆ “ಆಗ್ಲಿ ತಾಯಿ, ನೀನಾದ್ರೂ ಚೆನ್ನಾಗಿ ಮಾತಾಡ್ದೆ,” ಎಂದು ಹೇಳಿ ಹೋದರು. ಮಧ್ಯಾಹ್ನ ಡಬ್ಬಿ ಬಿಚ್ಚಲಿಲ್ಲ. ಕಕ್ಕಸು ಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಮನೆಗೆ ಬಂದು ಅಪ್ಪನಿಗೆ ಉಣಿಸುವಾಗ ಅಪ್ಪ, “ಕಣ್ಣು ಯಾಕೆ ಊದಿದೆ?” ಎಂದ. ಬಸ್ಸಿನ ಧೂಳು ಎಂದೆ.

ಬೇಗ ಕಾಗದ ಎತ್ತಿಕೊಂಡು ಆ ಜಾಗದಿಂದ ಓಡಬೇಕು.

ಜುಲೈ 19, ಗುರುವಾರ

ಕೆಲಸ ಕೈಗೆ ಹತ್ತಿದೆ. ಬರುವವರಲ್ಲಿ ಜಾತಿಗಳಿವೆ. ಅಳುವವರು ಸುಲಭ, ನೀರು ಕೊಟ್ಟರೆ ಸಾಕು. ಕೂಗುವವರು ಅದಕ್ಕಿಂತ ಸುಲಭ, ಸುಮ್ಮನೆ ಕೇಳಿಸಿಕೊಂಡರೆ ಅವರಿಗೇ ನಾಚಿಕೆಯಾಗುತ್ತದೆ. ಕಷ್ಟ ಕೊಡುವವರು ಸುಮ್ಮನೆ ನಿಲ್ಲುವವರು. ಅವರಿಗೆ ಒಂದು ಕೆಲಸ ಹಚ್ಚಬೇಕು. “ಹಾಸ್ಟೆಲಿನಿಂದ ಬಾಕಿ ಇಲ್ಲ ಅಂತ ಬರೆಸ್ಕೊಂಡು ಬನ್ನಿ” ಎಂದರೆ ಖುಷಿಯಾಗಿ ಹೋಗುತ್ತಾರೆ. ಹಾಸ್ಟೆಲಿನವರು ಗ್ರಂಥಾಲಯಕ್ಕೆ ಕಳಿಸುತ್ತಾರೆ, ಗ್ರಂಥಾಲಯದವರು ಮತ್ತೆ ನಮ್ಮ ಹತ್ತಿರ. ಈ ಸುತ್ತು ನಾನೇ ಕಟ್ಟಿದ್ದು. ಗೋಂದು ಸರ್ ಬಾಯಿ ತೆರೆದು ನೋಡಿದರು.

ಇವತ್ತು ಒಬ್ಬ ಮುದುಕ ನನ್ನನ್ನು “ಮೇಡಂ” ಎಂದ. ಹಿಂದೆ ತಿರುಗಿ ನೋಡಿದೆ, ಸೆಕ್ರೆಟರಿ ಬಂದರೇನೋ ಎಂದು! ಮನೆಗೆ ಬಂದು ಹೇಳಿದರೆ ಅಮ್ಮ ನಕ್ಕಳು, ಅಪ್ಪ ನಗಲಿಲ್ಲ.

“ನಿನ್ನದು ಕೇಳಿದ್ಯಾ?” ಎಂದ.

“ಕೇಳ್ತೀನಿ ಇರಪ್ಪ, ಸಮಯ ನೋಡಿ ಕೇಳ್ಬೇಕು,” ಎಂದೆ. ಹಾಸಿಗೆಯಲ್ಲಿದ್ದವರಿಗೆ ಎಲ್ಲವೂ ಕೂಡಲೇ ಆಗಬೇಕು.

ಜುಲೈ 24, ಮಂಗಳವಾರ

ಗುಬ್ಬಿ ಬಂದಿದ್ದಳು. ಸಾಲಿನಲ್ಲಿ ನಿಂತು, ಅವಳ ಸರದಿ ಬಂದಾಗ ಕಿಟಕಿಯ ಸರಳಿಗೆ ಮೂಗು ಒತ್ತಿ, “ನಮಗೂ ಸ್ವಲ್ಪ ದಯೆ ತೋರಿಸಿ ದೊರೆಸಾನಿ,” ಎಂದು ಹಲ್ಲು ಕಿಸಿದಳು. ಹಿಂದಿನವರೆಲ್ಲ ನಕ್ಕರು. ನನಗೆ ಇರುಸುಮುರುಸಾಯಿತು. ಆಫೀಸಿನಲ್ಲಿ ಹೀಗೆಲ್ಲ ಆಡಬಾರದು ಎಂದು ಅವಳಿಗೆ ಯಾರು ಹೇಳಬೇಕು?

ಊಟದ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಕೂತು ಮಾತಾಡಿದೆವು. ಬರೆದುಕೊಟ್ಟ ಕಾಗದ ಇಲ್ಲದಿದ್ದರೂ ಪರವಾಗಿಲ್ಲ, ಅಧಿಕಾರಿಯ ಕೈಗೇ ನೇರವಾಗಿ ದೂರು ಕೊಡಿಸುತ್ತೇನೆ ಎಂದು ಅವಳ ಮಾವ ಹೇಳಿದ್ದಾರಂತೆ. ಅಧಿಕಾರಿ ಒಂದು ಫೋನು ಮಾಡಿದರೆ ಅಂಕಪಟ್ಟಿ ನಡೆದುಕೊಂಡು ಬರುತ್ತದಂತೆ.

“ಬೇಡ ಕಣೇ,” ಎಂದೆ. “ದೂರು ಹೋದ್ರೆ ಇವರು ಹಟಕ್ಕೆ ಬೀಳ್ತಾರೆ. ನಾನು ಒಳಗಿದ್ದೀನಲ್ಲ? ನಾನು ತೆಗೆದುಕೊಡ್ತೀನಿ. ಮಾವನಿಗೆ ಸುಮ್ಮನಿರಕ್ಕೆ ಹೇಳು.”

“ನೀನು ಹೇಳಿದ್ಮೇಲೆ ಮುಗೀತು,” ಎಂದು ನನ್ನ ಡಬ್ಬಿಯಲ್ಲಿ ಉಳಿದದ್ದನ್ನೂ ತಿಂದು ಹೋದಳು. ನಿಜವಾಗಿಯೂ ತೆಗೆದುಕೊಡುತ್ತೇನೆ. ಇದು ಗಾಳಿಮಾತಲ್ಲ.

ಜುಲೈ 26, ಗುರುವಾರ

ಗುಬ್ಬಿಯ ಕೆಲಸ ಆಗಲಿ ಎಂದೇ ಧೈರ್ಯ ಮಾಡಿ ಸೆಕ್ರೆಟರಿ ಮೇಡಂ ಕೋಣೆಗೆ ಹೋದೆ. ದೂರಿನ ಸುದ್ದಿ ಕೇಳಿದರೆ ಹೆದರಿ ಕೊಟ್ಟುಬಿಡುತ್ತಾರೆ ಎಂಬುದು ನನ್ನ ಲೆಕ್ಕ.

“ಮೇಡಂ, ನನ್ನ ಜತೆ ಓದು ಬಿಟ್ಟ ಹುಡುಗಿ ಇದ್ದಾಳಲ್ಲ, ಮೂವತ್ತೊಂದರೊಳಗೆ ಆಸ್ಪತ್ರೆಗೆ ಕಾಗದ ತೋರಿಸ್ಬೇಕಾದವಳು, ಅವಳ ಮಾವ ಶಿಕ್ಷಣ ಇಲಾಖೇಲಿದ್ದಾರೆ. ದೂರು ಕೊಡ್ತೀನಿ ಅಂತಿದ್ರು. ನಾನೇ ತಡೆದಿದ್ದೀನಿ.”

ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು. ಮೊದಲ ಸಲ ಸರಿಯಾಗಿ ನೋಡಿದರು.

“ನೀನೇ ತಡೆದ್ಯಾ? ಭಲೇ. ತಿಂಗಳು ಮುಗಿಯೋವರೆಗೂ ಹಾಗೇ ತಡ್ಕೊಂಡಿರು.”

ಆಮೇಲೆ ಬಿಸ್ಕತ್ತು ಕೊಟ್ಟರು. ಗುಬ್ಬಿಯ ಅಂಕಪಟ್ಟಿಯ ವಿಷಯ ಎತ್ತುವಷ್ಟರಲ್ಲಿ ಫೋನು ಬಂತು. ಅವರು ಅಷ್ಟು ಚೆನ್ನಾಗಿ ಮಾತಾಡಿದ್ದನ್ನು ಕೆಡಿಸಲು ಮನಸ್ಸಾಗಲಿಲ್ಲ. ಒಳ್ಳೆಯ ಗಳಿಗೆ ನೋಡಿ ಕೇಳಿದರಾಯಿತು.

ಜುಲೈ 28, ಶನಿವಾರ

ಗೋಂದು ಸರ್ ಹಲ್ಲು ಕೀಳಿಸಲು ಹೋಗುವಾಗ ಬೀರುವಿನ ಕೀಲಿಯನ್ನು ನನ್ನ ಕೈಗೆ ಕೊಟ್ಟರು. “ನಿನ್ನ ಮೇಲೆ ನಂಬಿಕೆ ಇದೆ,” ಎಂದರು.

ಮಧ್ಯಾಹ್ನ ಒಳಕೋಣೆಯಲ್ಲಿ ಯಾರೂ ಇರಲಿಲ್ಲ. ಬೀರು ತೆರೆದೆ. ಎಷ್ಟು ಜನರವು! ಕಂದು ಲಕೋಟೆಗಳು, ತಳದಲ್ಲಿದ್ದವಕ್ಕೆ ಗೆದ್ದಲು ಹತ್ತಿದೆ. ನನ್ನದು ಕೆಳಗಿನ ಅರೆಯಲ್ಲಿ ಸಿಕ್ಕಿತು, ಅದರ ಕೆಳಗೇ ಗುಬ್ಬಿಯದು, ಸೇರುವ ದಿನ ಒಟ್ಟಿಗೇ ಕೊಟ್ಟಿದ್ದೆವಲ್ಲ. ನನ್ನ ಹತ್ತನೆಯ ತರಗತಿಯದನ್ನು ಹೊರಗೆ ತೆಗೆದೆ. ಫೋಟೋದಲ್ಲಿ ಎಂಥ ಪೆದ್ದಿಯ ಹಾಗೆ ಕಾಣುತ್ತೇನೆ. ಎರಡೂ ಲಕೋಟೆ ನನ್ನ ಚೀಲದೊಳಗೆ ಹಾಕಿದರೆ ಹೊರಗೆ ತಿಳಿಯುತ್ತಲೂ ಇರಲಿಲ್ಲ.

ಒಂದು ಗಳಿಗೆ ಚೀಲದ ಜಿಪ್ಪು ಎಳೆದದ್ದು ನಿಜ. ಆಮೇಲೆ ಯೋಚಿಸಿದೆ. ಕದ್ದರೆ ನಾನು ಕಳ್ಳಿಯಾಗುತ್ತೇನೆ. ಸರ್ ಅಷ್ಟು ನಂಬಿ ಕೀಲಿ ಕೊಟ್ಟಿದ್ದಾರೆ. ಮೇಡಂ ಹೇಗೂ ಕೊಡುವವರೇ, ಮಾನವಾಗಿ ಇಸಿದುಕೊಂಡರಾಯಿತು. ಎರಡನ್ನೂ ಇದ್ದ ಹಾಗೇ ಇಟ್ಟು, ಮೇಲಿನ ಧೂಳು ಒರೆಸಿ ಬೀಗ ಹಾಕಿದೆ. ಹಾಕುವಾಗ ಎರಡು ಸಲ ಎಳೆದು ನೋಡಿದೆ, ಸರ್ ಮಾಡುವ ಹಾಗೆಯೇ.

ಜುಲೈ 30, ಸೋಮವಾರ

ಗುಬ್ಬಿ ಫೋನು ಮಾಡಿ ತಲೆ ತಿಂದಳು.

“ನಾಳೆ ಕೊನೇ ದಿನ ಕಣೇ. ಮಾವ ಇವತ್ತಾದ್ರೂ ಸಾಹೇಬರ ಹತ್ರ ಹೋಗ್ಲಾ ಅಂತಿದ್ದಾರೆ.”

“ಬೇಡ ಅಂದ್ನಲ್ಲ. ನಾಳೆ ಮಧ್ಯಾಹ್ನದೊಳಗೆ ನಿನ್ನ ಕೈಲಿರತ್ತೆ.”

“ಆಣೆ ಮಾಡು.”

“ಮಾಡ್ದೆ ಬಿಡು ಮಹಾತಾಯಿ.”

ಜುಲೈ 31, ಮಂಗಳವಾರ

ತಲೆನೋವು. ಗುಬ್ಬಿ ಬೆಳಿಗ್ಗೆಯೇ ಬಂದು ಕಿಟಕಿಯ ಎದುರಿನ ಬೆಂಚಿನ ಮೇಲೆ ಕೂತಳು. ಮೇಡಂ ಹತ್ತಿರ ಹೋಗಿ ಕೇಳಿಯೇ ಕೇಳಿದೆ, ಕೇಳಲಿಲ್ಲವೆಂದು ಯಾರೂ ಅನ್ನುವ ಹಾಗಿಲ್ಲ. ಮೇಡಂ ನಗುತ್ತ, “ಒಬ್ಬಳಿಗೆ ಕೊಟ್ರೆ ನಾಳೆ ನೂರು ಜನ ನಿಲ್ತಾರೆ. ಆಗ ಕಿಟಕಿಯಲ್ಲಿ ಕೂರೋಳು ನೀನೇ ತಾನೇ?” ಎಂದರು. ಮಾತಿನಲ್ಲಿ ಹುರುಳಿದೆ. ಹೊರಗೆ ಕೂತು ನೋಡುವವರಿಗೆ ಇದೆಲ್ಲ ಅರ್ಥವಾಗುವುದಿಲ್ಲ.

ಬಂದು ಗುಬ್ಬಿಗೆ “ಸ್ವಲ್ಪ ಇರು” ಎಂದೆ. ಮಧ್ಯಾಹ್ನ ಮತ್ತೆ “ಇರು” ಎಂದೆ. ಅವಳು ಇದ್ದಳು. ಟೀ ಕಳಿಸಿದೆ, ಮುಟ್ಟಲಿಲ್ಲ. ಆಸ್ಪತ್ರೆಯ ಆಫೀಸು ಮುಚ್ಚುವ ಹೊತ್ತು ದಾಟಿದ ಮೇಲೂ ಅಲ್ಲೇ ಕೂತು, ಕೈಯಲ್ಲಿದ್ದ ಖಾಲಿ ಪ್ಲಾಸ್ಟಿಕ್ ಕವರನ್ನು ಮಡಿಸುವುದು, ಬಿಚ್ಚುವುದು. ಅಂಕಪಟ್ಟಿ ನೆನೆಯದಿರಲಿ ಎಂದು ತಂದಿದ್ದಳಂತೆ. ಮಳೆ ಎಲ್ಲಿತ್ತು? ಸುಮ್ಮನೆ ನಾಟಕ. ಕಿಟಕಿಯ ಬಾಗಿಲು ಎಳೆದುಕೊಂಡು ಹಿಂಬಾಗಿಲಿನಿಂದ ಬಂದೆ.

ನನಗೂ ಇವತ್ತೇ ಕೊನೆಯ ದಿನವಾಗಿತ್ತು. ಬರೆಯುವಾಗ ನೆನಪಾಯಿತು.

ಆಗಸ್ಟ್ 3, ಶುಕ್ರವಾರ

ಗುಬ್ಬಿಯ ಮಾವ ಬಂದರು, ಹಿಂದೆ ಅವಳು. ಮನುಷ್ಯ ಕೂಗಿದ್ದರೆ ಚೆನ್ನಾಗಿತ್ತು.

“ಆಸ್ಪತ್ರೆಯವರು ಎರಡೂ ಜಾಗ ಬೇರೆಯವರಿಗೆ ಕೊಟ್ಟಾಯ್ತಮ್ಮ. ಅವತ್ತೇ ಸಾಹೇಬರ ಹತ್ರ ಹೋಗಿದ್ರೆ ಕೆಲಸ ಆಗ್ತಿತ್ತು. ನೀನೇ ಅಲ್ವಾ ಬೇಡ ಅಂದಿದ್ದು?”

ಸಾಲಿನವರು ಕಿವಿ ನೆಟ್ಟಗೆ ಮಾಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಜಾಗವೂ ಹೋಯಿತಲ್ಲ, ನಾನು ಯಾರ ಮುಂದೆಯಾದರೂ ಹೋಗಿ ಬಾಯಿ ಬಡಿದುಕೊಂಡೆನೇ? ಓದು ಬಿಟ್ಟುಹೋದವರು ಇವರು, ಅಲೆದಾಡಿಸಿದ ಪಾಪ ಮಾತ್ರ ನನ್ನ ತಲೆಗೆ.

“ಮೇಡಂ ಮೀಟಿಂಗಲ್ಲಿದ್ದಾರೆ,” ಎಂದೆ. “ಸೋಮವಾರ ಬನ್ನಿ.”

ಗುಬ್ಬಿ ನನ್ನ ಮುಖವನ್ನೇ ನೋಡುತ್ತಿದ್ದಳು. ಹಾಸ್ಟೆಲಿನಲ್ಲಿ ನನಗೆ ಜ್ವರ ಬಂದಾಗ ಹಾಗೆ ನೋಡುತ್ತಿದ್ದಳು, ಹಣೆ ಮುಟ್ಟುವ ಮುಂಚೆ. “ನಡಿ ಮಾವ,” ಎಂದಷ್ಟೇ ಹೇಳಿ ತಿರುಗಿದಳು. ಮುಂದಿನವರನ್ನು ಕರೆದೆ.

ಆಗಸ್ಟ್ 6, ಸೋಮವಾರ

ಒಳ್ಳೆಯ ಸುದ್ದಿ! ಕೆಲಸ ಕಾಯಂ ಆಯಿತು. ಹೆರಿಗೆಗೆ ಹೋದವಳು ವಾಪಸು ಬರುವುದು ಬೇಡವೆಂದು ಮೇಡಂ ಹೇಳಿ ಕಳಿಸಿದ್ದಾರೆ. ನೇಮಕದ ಆದೇಶ ಕೈಗೆ ಬಂತು, ಸರ್ ಎಲ್ಲರಿಗೂ ಟೀ ತರಿಸಿದರು.

ನೌಕರರೂ ತಮ್ಮ ಮೂಲ ಅಂಕಪಟ್ಟಿಗಳನ್ನು ಕಾಲೇಜಿಗೇ ಒಪ್ಪಿಸಬೇಕಂತೆ, ಕೆಲಸ ಬಿಟ್ಟು ಹೋಗುವವರೆಗೆ. ಎಲ್ಲ ಕಡೆಯೂ ಇರುವುದೇ. “ನಿನ್ನದು ಹೇಗೂ ಇಲ್ಲೇ ಇದೆಯಲ್ಲ, ಅಲೆದಾಟ ತಪ್ಪಿತು,” ಎಂದು ಮೇಡಂ ನಕ್ಕರು. ನಾನೇ ಬೀರು ತೆಗೆದು ನನ್ನ ಲಕೋಟೆಯನ್ನು ಕೆಳಗಿನ ಅರೆಯಿಂದ ಮೇಲಿನ ನೌಕರರ ಅರೆಗೆ ಇಟ್ಟೆ. ಅಲ್ಲಿ ಗೆದ್ದಲಿಲ್ಲ.

ಅಮ್ಮ “ಕೈಗೆ ಸಿಕ್ತಾ?” ಎಂದು ಕೇಳಿದಳು. ಸಿಕ್ಕ ಹಾಗೆಯೇ ಎಂದೆ. ಅವಳು ಹೊಲಿಗೆ ಯಂತ್ರಕ್ಕೆ ದಾರ ಪೋಣಿಸತೊಡಗಿದಳು. ಇನ್ನು ಕಾರ್ಖಾನೆಗೆ ಹೋಗಲಾಗುವುದಿಲ್ಲ ಎಂದು ಬೇಸರವಿರಬೇಕು.

ಆಗಸ್ಟ್ 8, ಬುಧವಾರ

ನಾನು ಆಫೀಸಿನಲ್ಲಿದ್ದಾಗ ಗುಬ್ಬಿ ಮನೆಗೆ ಬಂದಿದ್ದಳಂತೆ. ಎಷ್ಟು ಧೈರ್ಯ! ಅಪ್ಪನ ಹಾಸಿಗೆಯ ಪಕ್ಕ ಬಹಳ ಹೊತ್ತು ಕೂತಿದ್ದಳು, ನನ್ನನ್ನು ಒಂದು ಮಾತೂ ಬೈಯಲಿಲ್ಲ, ಅಪ್ಪ ಕೇಳಿದ್ದಕ್ಕೆ ನಡೆದದ್ದನ್ನಷ್ಟೇ ಹೇಳಿದಳು ಎಂದಳು ಅಮ್ಮ. ಬೈದಿದ್ದರೆ ಅಪ್ಪ ನನ್ನ ಪರ ನಿಲ್ಲುತ್ತಿದ್ದ. ಅದಕ್ಕೇ ಬೈಯದೆ ಹೋಗಿದ್ದಾಳೆ, ಚಾಲಾಕಿ.

ಸಂಜೆ ಎಂದಿನಂತೆ ಅನ್ನ ಕಲಸಿಕೊಂಡು ಅಪ್ಪನ ಪಕ್ಕ ಕೂತೆ. ಅಪ್ಪ ಛಾವಣಿ ನೋಡುತ್ತಿದ್ದ.

“ಆ ಹುಡುಗಿ ಹೇಳಿದ್ದು ನಿಜಾನಾ?”

“ಅವಳಿಗೆ ಆಫೀಸಿನ ಕಷ್ಟ ಏನು ಗೊತ್ತಪ್ಪ? ನಂದೂ ಜಾಗ ಹೋಯ್ತು. ನಾನು ಓದು ಬಿಟ್ಟಿದ್ದೇ ನಿನಗೋಸ್ಕರ, ಈಗ ದುಡೀತಿರೋದೂ...”

“ಇನ್ಮೇಲೆ ನನ್ನ ಹೆಸರು ಹೇಳ್ಬೇಡ,” ಎಂದ ಅಪ್ಪ. ದನಿ ಏರಲಿಲ್ಲ. “ನನಗೋಸ್ಕರ ಬಿಟ್ಟೆ ಅಂತ ಯಾರ ಹತ್ರಾನೂ ಹೇಳ್ಬೇಡ.”

ತುತ್ತು ಬಾಯಿಯ ಹತ್ತಿರ ಹಿಡಿದೆ. ಅಪ್ಪ ತುಟಿ ಬಿಗಿದುಕೊಂಡ. ಅವನ ಮೈಯಲ್ಲಿ ಅವನ ಮಾತು ಕೇಳುವುದು ಅದೊಂದೇ. ನಾನು ಹಿಡಿದೇ ಇದ್ದೆ. ಗಲ್ಲದ ಮೇಲೆ ಅಗುಳು ಉದುರಿದರೂ ಬಾಯಿ ತೆರೆಯಲಿಲ್ಲ. ಅಮ್ಮ ಬಂದು ನನ್ನ ಕೈಯಿಂದ ತಟ್ಟೆ ಇಸಿದುಕೊಂಡಳು, ಅವಳ ಕೈಯಿಂದ ಉಂಡ.

ಇದೆಲ್ಲ ಮಲಗಿದಲ್ಲೇ ಇರುವವರ ಹಟ, ಇಂಥ ಹಟದವರನ್ನು ಕಿಟಕಿಯಲ್ಲಿ ನಾನು ದಿನವೂ ಎಷ್ಟು ಜನರನ್ನು ನೋಡುವುದಿಲ್ಲ? ಅಮ್ಮ ದೊಡ್ಡ ಗಂಟು ಬಟ್ಟೆ ಹೊಲಿದುಕೊಡಲು ಒಪ್ಪಿಕೊಂಡಿದ್ದಾಳೆ, ನಾಳೆಯಿಂದ ಸಂಜೆ ಅವಳಿಗೆ ಪುರುಸೊತ್ತಿರುವುದಿಲ್ಲ. ಆಗ ತಟ್ಟೆ ಹಿಡಿಯುವವಳು ನಾನೇ. ಬಲವಂತ ಮಾಡಬಾರದು, ನಯವಾಗಿಯೇ ಇರಬೇಕು. ಹಸಿವಾದರೆ ತಾನಾಗಿಯೇ ಬಾಯಿ ತೆರೆಯುತ್ತಾನೆ.